ಜಗಲಿಯಲ್ಲಿ ಆಡಿದ ಮಾತು

ತೀರ್ಥಹಳ್ಳಿ

ಚಿರಂಜೀವಿ ರಘುವಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಹೊಸ ಮನೆ, ಕೆಲಸ, ನಿನ್ನ ಹೆಂಡತಿಗೆ ವಾಂತಿ ಕಡಿಮೆಯಾದದ್ದು, ಎಲ್ಲ ಓದಿ ನಿನ್ನ ಅತ್ತೆಗೆ ಖುಷಿಯಾಯಿತು. ಕೊನೆಯ ಸಾಲನ್ನು ಮಾತ್ರ ಅವಳಿಗೆ ಓದಿ ಹೇಳಲು ಆಗಲಿಲ್ಲ. "ಸಿಗ್ನಲ್ ಹತ್ತಿರ ಆಟೋದವನ ಕಾಲರ್ ಹಿಡಿದಾಗ ನನ್ನ ಕೈ ಅಪ್ಪನ ಕೈ ಥರ ಕಾಣಿಸಿತು. ಹುಟ್ಟುವ ಮಗುವಿಗೂ ಇದು ದಾಟಿದರೆ?" ರಾತ್ರಿಯಿಡೀ ಹೆಂಚಿನ ಮೇಲೆ ಮಳೆ. ನನಗೆ ನಿದ್ದೆ ಹತ್ತಲಿಲ್ಲ.

ಅಪ್ಪನ ವಿಷಯ ನಿನಗೂ ಗೊತ್ತು, ನನಗೂ ಗೊತ್ತು. ಮತ್ತೆ ಬರೆಯುವುದಿಲ್ಲ.

ಕೈ ಎತ್ತುವುದು, ಅಪರಾಧ, ಇವೆಲ್ಲ ರಕ್ತದಲ್ಲೇ ಬರುತ್ತವೆ ಅನ್ನುವ ಮಾತು ಹಳೆಯದು. ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೊ 1876ರಲ್ಲಿ ಅದಕ್ಕೊಂದು ಪುಸ್ತಕವನ್ನೇ ಬರೆದ. ದವಡೆ, ಕಿವಿ, ತಲೆಬುರುಡೆ ನೋಡಿ ಹುಟ್ಟಾ ಅಪರಾಧಿಯನ್ನು ಗುರುತಿಸಬಹುದು ಅಂದ. ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3,000 ಕೈದಿಗಳನ್ನು ಅಳೆದು ನೋಡಿದ. ಅಪರಾಧಿಗಳಿಗೇ ಅಂತ ಬೇರೆ ಚಹರೆ ಇಲ್ಲ ಅಂತ 1913ರಲ್ಲಿ ಬರೆದ. ಅಷ್ಟು ಹೊತ್ತಿಗೆ ನಮ್ಮ ದೇಶದಲ್ಲಿ ಬ್ರಿಟಿಷರ 1871ರ ಕಾನೂನು ಎಷ್ಟೋ ಸಮುದಾಯಗಳಿಗೆ ಹುಟ್ಟಿನಿಂದಲೇ ಕಳ್ಳರು ಅಂತ ಹಣೆಪಟ್ಟಿ ಹಚ್ಚಿಯಾಗಿತ್ತು. ಅದು ಕಳಚಿದ್ದು 1952ರಲ್ಲಿ. ಆ ಕೇರಿಗಳಲ್ಲಿ ಹುಟ್ಟಿದ ಕೂಸುಗಳು ಏನು ಮಾಡಿದ್ದವು ಹೇಳು?

ಇದನ್ನೆಲ್ಲ ಓದಿಕೊಂಡವನೇ ನಾನು. ಹೆತ್ತವರ ಗುಣ ಮುಂದಿನ ಪೀಳಿಗೆಗೆ ಹೇಗೆ ದಾಟುತ್ತದೆ ಅಂತ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಮೆಂಡಲನ ಬಟಾಣಿ ಪಾಠ ಮಾಡಿದವನು. ಆದರೂ ಆ ಮಾತು ನನ್ನ ಬಾಯಿಂದಲೇ ಬಂತು.

ನಿನಗೆ ನೆನಪಿದೆಯೋ ಇಲ್ಲವೋ. ಆಗ ಒಂಬತ್ತು ವರ್ಷ ನಿನಗೆ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ನೀನೂ ನಮ್ಮ ಸುರೇಶನೂ ಬ್ಯಾಟರಿಗಾಗಿ ಕಿತ್ತಾಡಿದಿರಿ. ನೀನು ಎಸೆದದ್ದು ಅವನ ಹಣೆಗೆ ತಾಗಿ ರಕ್ತ ಬಂತು. "ಎಂಥಾ ಮರದ ಅಡಿಕೆ ಅಂತ ಗೊತ್ತಲ್ಲ, ಸಸಿ ಬೇರೆ ಆಗುತ್ತಾ?" ಅಂದೆ ನಾನು, ಎಲ್ಲರ ಮುಂದೆ. ನಿನ್ನ ಅಮ್ಮ ಮೆಟ್ಟುಕತ್ತಿಯ ಮುಂದೆ ಕೂತಿದ್ದಳು. ತಲೆ ಎತ್ತಲಿಲ್ಲ. ಕೈ ಮಾತ್ರ ಜೋರಾಯಿತು. ಬುಟ್ಟಿಗೆ ಅಡಿಕೆ ಬೀಳುತ್ತಿದ್ದ ಆ ಟಕ್ ಟಕ್ ಸದ್ದು ಇವತ್ತಿಗೂ ಕೇಳುತ್ತದೆ. ನೀನು ಸಿಪ್ಪೆ ರಾಶಿಯ ಹಿಂದೆ ಹೋಗಿ ಕೂತವನು ಊಟಕ್ಕೂ ಬರಲಿಲ್ಲ. ಹುಡುಗರ ಜಗಳ, ಅಷ್ಟೇ ಅಲ್ವಾ? ಸುರೇಶ ಎಸೆದಿದ್ದರೆ ಅಪ್ಪನ ಗುಣ ಅಂತ ನಾನು ಅನ್ನುತ್ತಿದ್ದೆನಾ?

ನಿನ್ನ ಸಾಲು ಓದಿದಾಗ, ಈ ಭಯ ನಿನ್ನ ತಲೆಗೆ ಹಾಕಿದವನು ನಾನೇ ಅನ್ನಿಸಿತು.

ರಕ್ತಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಸುಮ್ನೆ ಸಮಾಧಾನ ಹೇಳಲಾರೆ. ಡೆನ್ಮಾರ್ಕಿನಲ್ಲಿ ದತ್ತು ಹೋದ 14,000ಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 1984ರಲ್ಲಿ ಒಂದು ಅಧ್ಯಯನ ಬಂತು. ಹೆತ್ತವರಿಗೂ ಸಾಕಿದವರಿಗೂ ಕೋರ್ಟಿನಲ್ಲಿ ಶಿಕ್ಷೆ ಆಗಿರದ ಗಂಡುಮಕ್ಕಳಲ್ಲಿ ನೂರಕ್ಕೆ 13-14 ಜನರಿಗೆ ಶಿಕ್ಷೆಯಾಗಿತ್ತು. ಹೆತ್ತವರಿಗೆ ಮಾತ್ರ ಆಗಿದ್ದ ಕಡೆ 20. ಜಾಸ್ತಿ ಹೌದು. ಆದರೆ ಉಳಿದ 80 ಜನರನ್ನು ನೋಡು ಮಾರಾಯ. ಅವರೂ ಅಂಥ ಅಪ್ಪ ಅಮ್ಮನ ಮಕ್ಕಳೇ.

ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಹುಟ್ಟಿನಿಂದ ಗಮನಿಸುತ್ತ ಬಂದ ಹುಡುಗರ ಬಗ್ಗೆ 2002ರಲ್ಲಿ ಬಂದ ವರದಿ ನನ್ನನ್ನು ಇನ್ನೂ ಚುಚ್ಚುತ್ತದೆ. ಎಂಎಒಎ ಅನ್ನುವ ಜೀನಿನ ಕೆಲಸ ಮಂದವಾಗಿದ್ದು, ಚಿಕ್ಕಂದಿನಲ್ಲಿ ಹಿಂಸೆಯನ್ನೂ ಉಂಡವರು ಮುಂದೆ ಕೈ ಎತ್ತುವುದು ಜಾಸ್ತಿ. ಅದೇ ಜೀನ್ ಇದ್ದು ಹಿಂಸೆ ಕಾಣದೆ ಬೆಳೆದವರಲ್ಲಿ ಹಾಗಾಗಲಿಲ್ಲ. ಈ ಮನೆಯಲ್ಲಿ ನಿನಗೆ ಯಾರೂ ಹೊಡೆಯಲಿಲ್ಲ. ಮಾತಿನ ಪೆಟ್ಟು ಯಾವ ಲೆಕ್ಕಕ್ಕೆ ಬರುತ್ತದೋ.

ಮಗುವಿಗೆ ದಾಟಿದರೆ ಅಂತ ಕೇಳಿದ್ದೀಯ. ಅದೇ ಪತ್ರದಲ್ಲಿ, ಕಾಲರ್ ಬಿಟ್ಟು ಗಾಡಿ ಹತ್ತಿದೆ ಅಂತಲೂ ನೀನೇ ಬರೆದಿದ್ದೀಯ. ಆ ಕೈ ಹೊಡೆಯಲಿಲ್ಲ. ಅದನ್ನು ಯಾಕೆ ನೀನು ಎಣಿಸಲಿಲ್ಲ?

ಬುದ್ಧಿ ಹೇಳುವ ಯೋಗ್ಯತೆ ನನಗೆಷ್ಟಿದೆಯೋ. ಆದರೂ, ಆ ಸಾಲನ್ನು ನಿನ್ನ ಹೆಂಡತಿಗೂ ಹೇಳು. ರಾತ್ರಿ ಹೊತ್ತು ಮೊಬೈಲಿನಲ್ಲಿ ಇದನ್ನೇ ಹುಡುಕುತ್ತ ಕೂರಬೇಡ. ಸಿಟ್ಟು ಮತ್ತೆ ಮತ್ತೆ ಕೈಗೆ ಬಂದರೆ ಬೆಂಗಳೂರಲ್ಲೇ ನಿಮ್ಹಾನ್ಸ್ ಇದೆಯಲ್ಲ, ಒಮ್ಮೆ ಹೋಗಿ ಮಾತಾಡು, ನಾಚಿಕೆಪಡಬೇಡ. ನನಗೆ ತೋಚಿದ್ದು ಇಷ್ಟೇ.

ನಿನ್ನ ಅಮ್ಮನ ಹತ್ತಿರ ತಪ್ಪಾಯಿತು ಅನ್ನಬೇಕು ಅಂದುಕೊಂಡೇ ಇದ್ದೆ. ಅವಳು ಹೊರಟುಹೋದಳು. ಮಗು ಹುಟ್ಟಿದ ಮೇಲೆ, ಕೊಯ್ಲು ಮುಗಿಯುವುದರೊಳಗೆ ಮೂವರೂ ಬನ್ನಿ. ಜಗಲಿ ತುಂಬ ಸುಲಿಯುವವರು ಇರುತ್ತಾರೆ. ಅವತ್ತಿನವರಲ್ಲಿ ಇಬ್ಬರು ಮೂವರು ಈಗಲೂ ಬರುತ್ತಾರೆ. ಅವರೆದುರು ನಾನು ನಿನಗೆ ಒಂದು ಮಾತು ಹೇಳಬೇಕು.

ನಿನ್ನ ಮಾವ