ಮಗಳಿಗೊಂದು ಪತ್ರ: ಪಶ್ಚಿಮದ ಕಿಟಕಿ ಮತ್ತ ಕರೆಂಟ್ ಬಿಲ್

ಮಗಳ,

ರವಿವಾರ ಫೋನಿನ್ಯಾಗ ನೀ ಒಂದು ಮಾತಂದಿ, "ಅವ್ವಾ, ನಿನ್ನ ಗ್ರೀನ್ ಬಿಲ್ಡಿಂಗ್ ಕೆಲಸ ಅಂದ್ರ ಎಕ್ಸೆಲ್ ಶೀಟ್ ತುಂಬಿ ಪಾಯಿಂಟ್ ಎಣಸೋದಲ್ಲಾ?" ಅಂತ. ನಾ ನಕ್ಕು ಫೋನ್ ಇಟ್ಟೆ, ಆದ್ರ ರಾತ್ರಿ ನಿದ್ದಿ ಬರಲಿಲ್ಲ, ಯಾಕಂದ್ರ ಕರೆಂಟ್, ನೀರು ಉಳಸೋ ಬಿಲ್ಡಿಂಗಿಗೆ ಪಾಯಿಂಟ್ ಎಣಸೇ ಗ್ರೀನ್ ಸರ್ಟಿಫಿಕೇಟ್ ಕೊಡ್ತಾರ, ಅರ್ಧಾ ಖರೇನ ಐತಿ. ಈಗ ನಿನಗೂ ಅದೇ ಲೈನಿನ್ಯಾಗ ನೌಕರಿ ಸಿಕ್ಕೈತಿ, ಸೇರ್ಲೋ ಬ್ಯಾಡೋ ಅಂತ ಕೇಳ್ತಿ, ಅದಕ್ಕ ಬರದು ಕಳಸ್ತೀನಿ. ಉದ್ದ ಆಗ್ತೈತಿ, ಊಟಾ ಮಾಡಿ ಓದು.

ನಾ 1998ರಾಗ ಹುಬ್ಬಳ್ಳಿ ಬಿವಿಬಿ ಕಾಲೇಜಿನ್ಯಾಗ ಸಿವಿಲ್ ಇಂಜಿನಿಯರಿಂಗ್ ಮುಗಿಸಿದಾಗ ಬಿಲ್ಡಿಂಗ್ ಬೀಳಬಾರದು, ಸೋರಬಾರದು, ರೇಟ್ ಕಮ್ಮಿ ಆಗಬೇಕು, ಅಷ್ಟೇ. ಕರೆಂಟ್ ಎಷ್ಟು ತಿಂತೈತಿ ಅಂತ ಕೇಳೋ ಇಸಿಬಿಸಿ ಕೋಡ್ ಬಂದಿದ್ದೇ 2007ಕ್ಕ, ಅದೂ ದೊಡ್ಡ ಕಮರ್ಷಿಯಲ್ ಬಿಲ್ಡಿಂಗಿಗೆ. ಮನಿಗಳಿಗೆ ಅಂಥಾದ್ದೇ ಕೋಡ್, ಇಕೋ ನಿವಾಸ್ ಸಂಹಿತಾ, ಬಂದಿದ್ದು 2018ಕ್ಕ, ಅಷ್ಟರಾಗ ನಾವು ಕೇಶ್ವಾಪುರದ ಮನಿ ಕಟ್ಟಿ ಮುಗಿಸಿದ್ವಿ, ಪಶ್ಚಿಮಕ್ಕ ಇಷ್ಟಗಲ ಕಿಟಕಿ ಇಟ್ಟು. ಮಧ್ಯಾಹ್ನ ಮೂರಕ್ಕ ನಿನ್ನ ರೂಮು ಬೇಕರಿ ಭಟ್ಟಿ ಆಗ್ತಿತ್ತಲ್ಲಾ, ಅದು ನಿಮ್ಮವ್ವನ ಡಿಸೈನ್! ದಕ್ಷಿಣದ ಕಿಟಕಿಗೆ ಎರಡು ಫೂಟಿನ ಛಜ್ಜಾ ಸಾಕವಾ, ಬಿಸಲು ಮ್ಯಾಲಿಂದ ಬರ್ತೈತಿ, ಪಶ್ಚಿಮಕ್ಕ ಹಂಗಲ್ಲ, ಸೂರ್ಯ ಕೆಳಗಿಳದು ಸೀದಾ ಒಳಗ ನುಗ್ತಾನ, ಯಾವ ಛಜ್ಜಾನೂ ತಡಿಯೂದಿಲ್ಲ. ಮತ್ತ ನಮ್ಮ ಹುಬ್ಬಳ್ಳಿ ಇರೋದು 15 ಡಿಗ್ರಿ ಉತ್ತರಕ್ಕ, ಹಂಗಾಗಿ ಮೇ ಮೊದಲ ವಾರ ನೆತ್ತಿ ಮ್ಯಾಲೆ ಬಂದ ಸೂರ್ಯ ಆಮ್ಯಾಲೆ ಆಗಸ್ಟ್ ತನಕ ನಡುಹೊತ್ತಿನ್ಯಾಗ ಉತ್ತರಕ್ಕ ಇರ್ತಾನ, ಉತ್ತರದ ಕಿಟಕಿಗೂ ಬಿಸಲು ಬೀಳ್ತೈತಿ, ಇದನ್ನ ದಿಲ್ಲಿ ಲೆಕ್ಕ ಹಿಡಕೊಂಡು ಡ್ರಾಯಿಂಗ್ ಮಾಡೋರು ಮರ್ತಬಿಡ್ತಾರ.

ಈಗ ನೀ ಅಂತಿ, ಹಂಗಾದ್ರ ರೋಣದ ಆಯಿ ಮಾಳಗಿ ಮನಿನೇ ಛಲೋ ಇತ್ತಲ್ಲಾ ಅಂತ. ಎರಡು ಫೂಟ್ ದಪ್ಪ ಗ್ವಾಡಿ, ಮ್ಯಾಲೆ ಜಂತಿ, ಅದರ ಮ್ಯಾಲೆ ಮಣ್ಣು, ಹೊರಗಿನ ಕಾವು ಒಳಗ ಬರೂದ್ರಾಗ ಹೊತ್ತು ಮುಳಗಿರ್ತಿತ್ತು, ಅದು ಖರೆ. ಆದ್ರ ವರ್ಷಾ ಮಳಿಗಿಂತ ಮೊದಲ ಮಾಳಿಗಿ ಮ್ಯಾಲೆ ಮಣ್ಣು ಹಾಕಿಸಿ, ಸೋರಿದಲ್ಲೆಲ್ಲಾ ಬೋಗಾಣಿ ಇಟ್ಟು ಸಾಕಾಗಿತ್ತು ಆಯಿಗೆ. ಮಾಳಿಗಿ ತಗದು ಸಿಮೆಂಟ್ ಸ್ಲ್ಯಾಬ್ ಹಾಕಿಸಿದ ದಿನ ಓಣಿಗೆಲ್ಲಾ ಪೇಢೆ ಹಂಚಿದ್ಳು. ಮುದುಕಿ ಸೊಂಟದ ಲೆಕ್ಕ ಹಿಡೀದ ಮಣ್ಣಿನ ಮನಿ ಹೊಗಳೋರ ಮಾತು ನನಗ ಸೇರೂದಿಲ್ಲ.

ಸಿಮೆಂಟಿಂದು ಬ್ಯಾರೆ ಕತಿ. ಜಗತ್ತಿನ್ಯಾಗ ಮನಷ್ಯಾರು ಬಿಡೋ ಕಾರ್ಬನ್ ಡೈಆಕ್ಸೈಡಿನ್ಯಾಗ ನೂರಕ್ಕ 7-8 ಪಾಲು ಸಿಮೆಂಟಿಂದೇ, ಅದರಾಗ ಅರ್ಧಕ್ಕಿಂತ ಜಾಸ್ತಿ ಇದ್ದಲಿಂದಲ್ಲ, ಸುಣ್ಣದ ಕಲ್ಲು ಸುಟ್ಟಾಗ ಕಲ್ಲಿನೊಳಗಿಂದನ ಬರ್ತೈತಿ. ಅದಕ್ಕ ನಾ ಕಬ್ಬಿಣದ ಭಟ್ಟಿ ಕಿಟ್ಟಾ ಕೂಡಿಸಿದ ಸ್ಲ್ಯಾಗ್ ಸಿಮೆಂಟೇ ಬೇಕಂತ ಹಟಾ ಮಾಡ್ತೀನಿ, ಅದರಾಗ ಸುಟ್ಟ ಸುಣ್ಣದ ಕಲ್ಲು ಕಮ್ಮಿ, ಗೌಂಡಿಗಳು ಬೈತಾರ, ಗಟ್ಟಿ ಆಗಾಕ ತಡಾ ಅಕ್ಕೈತಿ, ಸೆಂಟ್ರಿಂಗ್ ಲಗೂ ಬಿಚ್ಚಾಕ ಬರೂದಿಲ್ಲ ಅಂತ. ಬೈಲಿ.

ಆದ್ರ ನಿನಗ ಹೇಳಬೇಕಾಗಿದ್ದು ಒಂದು ಆಫೀಸ್ ಬಿಲ್ಡಿಂಗ್ ಬಗ್ಗೆ, ಹೆಸರು ಬ್ಯಾಡ. ಪೇಪರಿನ್ಯಾಗ ಭಾರಿ ಇತ್ತು, ಪಾಯಿಂಟ್ ಬಂದ್ವು, ಸರ್ಟಿಫಿಕೇಟ್ ಫ್ರೇಮ್ ಹಾಕಿ ರಿಸೆಪ್ಷನ್‌ನ್ಯಾಗ ತೂಗಹಾಕಿದ್ರು, ಫೋಟೋದಾಗ ನಾನೂ ಅದೀನಿ. ಒಂದು ವರ್ಷದ ಮ್ಯಾಲೆ ಬ್ಯಾರೆ ಕೆಲಸಕ್ಕ ಆ ಕಡೆ ಹೋದಾಕಿ ಸುಮ್ನ ಒಳಗ ಹೊಕ್ಕೆ. ಹಗಲಹೊತ್ತಿನ್ಯಾಗ ಬ್ಲೈಂಡ್ ಪೂರಾ ಇಳಿಸಿ ಲೈಟ್ ಹಚಗೊಂಡು ಕುಂತಿದ್ರು, ಕಂಪ್ಯೂಟರ್ ಮ್ಯಾಲೆ ಬಿಸಲು ಹೊಡೀತೈತಿ ಅಂತ. ಲೈಟ್ ಸೆನ್ಸರಿಗೆ ಯಾರೋ ಟೇಪ್ ಹಚ್ಚಿದ್ರು. ಮಳಿನೀರಿನ ಟಾಕಿ ಒಣಾ ಒಣಾ, ಫಿಲ್ಟರ್ ಒಮ್ಮೆನೂ ತೊಳದಿರಲಿಲ್ಲ, ಕಟ್ಟಿಕೊಂಡ ಮ್ಯಾಲೆ ಪೈಪ್ ಬಿಚ್ಚಿ ಗಟಾರಕ್ಕ ಬಿಟ್ಟಿದ್ರು. ಒಂದು ಮಿಲಿಮೀಟರ್ ಮಳಿಗೆ ಸಾವಿರ ಸ್ಕ್ವೇರ್ ಫೂಟ್ ಟೆರೇಸಿನಿಂದ 93 ಲೀಟರ್ ಅಂತ ನಾನೇ ಪ್ರೆಸೆಂಟೇಶನ್‌ನ್ಯಾಗ ಹೇಳಿದ್ನೆಲ್ಲಾ, ನಳಾ ಬರೋ ದಿನಾ ಎಣಸೋ ಊರಾಗ ಅಷ್ಟೂ ಗಟಾರಕ್ಕ. ವಾಚ್‌ಮನ್ ಕಾಕಾಗ ಕೇಳಿದ್ರ, "ನಮಗ ಯಾರೂ ಹೇಳೇ ಇಲ್ರಿ ಬಾಯಾರ, ಯಾವ ವಾಲ್ ಯಾವಾಗ ತಿರಗಸಬೇಕಂತ" ಅಂದ. ತಪ್ಪು ಅವಂದಲ್ಲ. ನಾ ಅವನ ಜೋಡಿ ಹತ್ತು ನಿಮಿಷ ಮಾತಾಡಿರಲಿಲ್ಲ, ಎಂಟು ತಿಂಗಳು ಸಾಫ್ಟ್‌ವೇರ್ ಜೋಡಿ ಮಾತಾಡಿದ್ದೆ.

ಅವತ್ತಿಂದ ನಾ ಮಾಡಿದ ಬಿಲ್ಡಿಂಗಿಗೆಲ್ಲಾ ವರ್ಷದ ಮ್ಯಾಲೆ ಹೋಗ್ತೀನಿ, ಫೀ ಕೊಡ್ಲಿ ಬಿಡ್ಲಿ. ಹನ್ನೆರಡು ತಿಂಗಳ ಹೆಸ್ಕಾಂ ಬಿಲ್ ಇಸಗೊಂಡು ನನ್ನ ಲೆಕ್ಕದ ಬಾಜೂಕ ಇಟ್ಟು ನೋಡ್ತೀನಿ. ಎಷ್ಟೋ ಸಲ ನಾಚಿಕಿ ಬರ್ತೈತಿ. ಒಂದೆರಡು ಸಲ ಮಾತ್ರ ಎರಡೂ ಕೂಡ್ಯಾವು, ಅವತ್ತು ನಿಮ್ಮಪ್ಪಾಜಿಗೆ ಗಿರಮಿಟ್ ತಂದೀನಿ.

ಅದಕ್ಕ ನೌಕರಿ ಸೇರು ಅಂತೀನಿ, ಆದ್ರ ಪಗಾರ ಕೇಳೋಕಿಂತ ಮೊದಲ ಇದನ್ನ ಕೇಳು: ಕಟ್ಟಿ ಕೊಟ್ಟ ಮ್ಯಾಲೆ ವರ್ಷಬಿಟ್ಟು ಹೋಗಿ ನೋಡಾಕ ಕಳಸ್ತೀರೋ ಇಲ್ಲೋ ಅಂತ. ಮುಖಾ ಮುಖಾ ನೋಡಿಕೊಂಡ್ರ ನಿನಗ ಗೊತ್ತಾಗ್ತೈತಿ.

ಪಂಚಮಿಗೆ ಬರ್ತಿಯಲ್ಲಾ, ಉಂಡಿ ಕಟ್ಟೋದು ನಾ ನೋಡ್ಕೋತೀನಿ, ಒಂದಿನ ಆ ಆಫೀಸಿಗೆ ಹೋಗೂಣು. ಪೈಪ್ ಮತ್ತ ಜೋಡಿಸ್ಯಾರಂತ, ಕಾಕಾನ ಫೋನ್ ಮಾಡಿದ್ದ. ಟಾಕಿ ಒಳಗ ಇಳದು ನೋಡಬೇಕು, ನನ್ನ ಮೊಣಕಾಲು ಈಗ ಕೇಳೂದಿಲ್ಲ, ಹಳೇ ಚೂಡಿದಾರ ತಗೊಂಡ ಬಾ.

ನಿನ್ನ ಅವ್ವ