ಮಗಳಿಗೊಂದು ಪತ್ರ: ಮ್ಯೂನಿಕ್ಕಿನ ಅಡುಗೆಮನೆಯಲ್ಲಿ ಬಿಸಿಬೇಳೆಬಾತ್

ಪ್ರೀತಿಯ ಪುಟ್ಟಿ,

ಜೂನ್ ರಜೆಗೆ ಮ್ಯೂನಿಕ್‌ಗೆ ಹೋಗಿ ಆ ಹೊಸ ಸ್ನೇಹಿತರ ಮನೆಯಲ್ಲಿ ಒಂದು ರಾತ್ರಿ ನೀನು, ಅಳಿಯಂದಿರು ಇಬ್ಬರೇ ಅಡುಗೆ ಮಾಡುತ್ತೀರಿ ಅಂತ ಹೇಳಿದೆಯಲ್ಲ, ಜೊತೆಗೆ ಕಳಿಸಿದ ಪಟ್ಟಿಯನ್ನೂ ನೋಡಿದೆ. ಪೂರಿ, ಸಾಗು, ಪಲ್ಯ ಎರಡು ಬಗೆ, ಅನ್ನ, ಸಾರು, ಹಪ್ಪಳ, ಹೋಳಿಗೆ. ಅದು ಅಡುಗೆ ಭಟ್ಟರ ಪಟ್ಟಿ ಕಣೆ. ಬೇರೆಯವರ ಮನೆಯಲ್ಲಿ ಎಷ್ಟು ಪಾತ್ರೆ ಇದೆ, ಯಾವ ಒಲೆ ಇದೆ ಅನ್ನುವುದೇ ಊಟ ಏನು ಅಂತ ನಿರ್ಧರಿಸಬೇಕು. ಒಂದೇ ಒಂದು ಬಿಸಿ ಅಡುಗೆ ಇರಲಿ, ಉಳಿದದ್ದೆಲ್ಲ ಒಲೆ ಮುಟ್ಟದೆ ಆಗುವಂಥದ್ದು. ಬಿಸಿಬೇಳೆಬಾತ್, ಕೋಸಂಬರಿ, ಮಜ್ಜಿಗೆ, ಬಾಳೆಹಣ್ಣಿನ ರಸಾಯನ. ನಾಲ್ಕು ಜನಕ್ಕೆ ಧಾರಾಳವಾಯಿತು.

ಮೊದಲು ಅವರಿಗೊಂದು ಮೆಸೇಜ್ ಹಾಕಿ ಮೂರು ವಿಷಯ ಕೇಳು. ಒಲೆ ಇಂಡಕ್ಷನ್ನೋ, ಒಳಗೆ ಕೆಂಪಗೆ ಕಾಯುವ ಗಾಜಿನ ಒಲೆಯೋ? ಮನೆಯ ಅತಿ ದೊಡ್ಡ ಪಾತ್ರೆ ಎಷ್ಟು ಲೀಟರಿನದು? ಯಾರಿಗಾದರೂ ಏನಾದರೂ ಆಗಿಬರುವುದಿಲ್ಲವೇ? ಮೂರನೆಯದನ್ನು ಸಂಕೋಚ ಬಿಟ್ಟು ಕೇಳು. ಸಾಸಿವೆ, ಗೋಡಂಬಿ, ಹಾಲು, ಗೋಧಿ ನಾಲ್ಕೂ ಯೂರೋಪಿನ ಅಲರ್ಜಿ ಪಟ್ಟಿಯಲ್ಲಿ ಇರುವಂಥವು, ನಮ್ಮ ಒಂದು ಒಗ್ಗರಣೆ, ಒಂದು ಲೋಟ ಮಜ್ಜಿಗೆಯಲ್ಲಿ ನಾಲ್ಕೂ ಬಂದುಬಿಡುತ್ತವೆ. ಗೋಧಿ ಎಲ್ಲಿಂದ ಬಂತು ಅನ್ನಬೇಡ. ಡಬ್ಬಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ಅವರಲ್ಲಿ ಯಾರಿಗಾದರೂ ಗ್ಲುಟೆನ್ ಆಗುವುದಿಲ್ಲ ಅಂದರೆ ಇಂಗನ್ನೇ ಬಿಡು.

ಇನ್ನು ಇಲ್ಲಿಂದ ಒಯ್ಯುವುದು. ತುಪ್ಪ ಬೇಡ. ಭಾರತದಿಂದ ಹೋಗುವವರು ಹಾಲಿನ ಪದಾರ್ಥ, ಮಾಂಸ ಎರಡನ್ನೂ ಯೂರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ತುಪ್ಪವೂ ಅದರಲ್ಲಿ ಸೇರುತ್ತದೆ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಅದರ ತಂಟೆಯೇ ಬೇಡ. ಒಣಕೊಬ್ಬರಿಯನ್ನು ಚೆಕ್-ಇನ್ ಬ್ಯಾಗಿನಲ್ಲಿ ಇಡುವುದನ್ನು ನಮ್ಮ ವಿಮಾನ ಭದ್ರತೆಯವರು 2022ರಲ್ಲೇ ನಿಷೇಧಿಸಿದ್ದಾರೆ, ಅದರ ಎಣ್ಣೆಯಂಶಕ್ಕೆ ಬಿಸಿ ಹತ್ತಿ ಬೆಂಕಿಯಾಗಬಹುದು ಅಂತ. ಎಲ್ಲಕ್ಕಿಂತ ಮುಖ್ಯ ಗಸಗಸೆ. ನಿಮ್ಮ ವಿಮಾನ ದುಬೈ ಮೇಲೆ ಹೋಗುವುದಾದರೆ ಒಂದು ಚಮಚ ಗಸಗಸೆಯೂ ಜೊತೆಗಿರಬಾರದು. ಅಲ್ಲಿ ಅದು ಮಾದಕ ವಸ್ತುಗಳ ಸಾಲಿನಲ್ಲಿದೆ, ಜೈಲಿನವರೆಗೆ ಹೋಗಬಹುದು. ಜರ್ಮನಿಯಲ್ಲಿ ಮಾತ್ರ ಅದನ್ನು ಬ್ರೆಡ್ಡಿನ ಮೇಲೆ ಉದುರಿಸಿ ತಿನ್ನುತ್ತಾರೆ, ಎಲ್ಲ ಅಂಗಡಿಯಲ್ಲೂ ‘ಮೋನ್’ ಅಂತ ಸಿಗುತ್ತದೆ, ಬಣ್ಣ ನೀಲಿಗಪ್ಪು.

ಹಾಗಾಗಿ ಬಾತಿನ ಪುಡಿಯನ್ನು ಕೊಬ್ಬರಿ, ಗಸಗಸೆ ಎರಡೂ ಇಲ್ಲದೆ ಮಾಡಿಕೋ. ಧನಿಯಾ 4 ಚಮಚ, ಕಡಲೆಬೇಳೆ 2, ಉದ್ದಿನಬೇಳೆ 2, ಮೆಂತ್ಯ ಕಾಲು ಚಮಚ, ಚಕ್ಕೆ ಒಂದಂಗುಲ, ಲವಂಗ 5, ಮರಾಠಿ ಮೊಗ್ಗು 2, ಬ್ಯಾಡಗಿ ಮೆಣಸಿನಕಾಯಿ 10. ಗುಂಟೂರು ಒಂದೂ ಬೇಡ. ಬ್ಯಾಡಗಿ ಬಣ್ಣ ಕೊಡುತ್ತದೆ, ನಾಲಿಗೆ ಸುಡುವುದಿಲ್ಲ. ಖಾರ ಬೇಕಾದವರಿಗೆ ಅಚ್ಚಖಾರದ ಪುಡಿ ಬೇರೆ ಇಡಬಹುದು. ಬೇಳೆಗಳನ್ನು ಕೆಂಪಗೆ, ಧನಿಯಾವನ್ನು ಘಮ ಬರುವವರೆಗೆ, ಮೆಂತ್ಯವನ್ನು ಬಣ್ಣ ತಿರುಗುವಷ್ಟು ಮಾತ್ರ, ಎಲ್ಲ ಬೇರೆಬೇರೆಯಾಗಿ, ಎಣ್ಣೆ ಹಾಕದೆ ಹುರಿ. ಮೆಂತ್ಯ ಕಪ್ಪಾದರೆ ಇಡೀ ಹಂಡೆ ಕಹಿ. ಪೂರ್ತಿ ಆರಿದ ಮೇಲೆಯೇ ಪುಡಿ ಮಾಡು, ಬಿಸಿಯಲ್ಲಿ ಮಾಡಿದರೆ ಬೆವರಿ ಗಂಟಾಗುತ್ತದೆ. ಕರಿಬೇವನ್ನು ತೊಳೆದು, ಒರೆಸಿ, ನೆರಳಲ್ಲಿ ನಾಲ್ಕು ದಿನ ಗರಿಗರಿ ಒಣಗಿಸು. ಪುಡಿ, ಇಂಗು, ಖಾರಾ ಬೂಂದಿ ಎಲ್ಲ ಚೆಕ್-ಇನ್ ಬ್ಯಾಗಿಗೆ. ಖಾರದ ಪುಡಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ.

ಊಟ ಭಾನುವಾರ ಅಂತ ಬರೆದಿದ್ದೀಯ. ಭಾನುವಾರ ಜರ್ಮನಿಯಲ್ಲಿ ದಿನಸಿ ಅಂಗಡಿ ಮುಚ್ಚಿರುತ್ತವೆ, ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಉಳಿದ ದಿನವೂ ರಾತ್ರಿ ಎಂಟಕ್ಕೆ ಬಾಗಿಲು ಹಾಕುತ್ತಾರೆ. ಶನಿವಾರ ಮಧ್ಯಾಹ್ನವೇ ಸಾಮಾನು ಮನೆ ಸೇರಿರಬೇಕು. ಮುಖ್ಯ ರೈಲು ನಿಲ್ದಾಣದ ದಕ್ಷಿಣಕ್ಕೆ ಗೋಯ್ಟೆ, ಲಾಂಡ್‌ವೇರ್ ಬೀದಿಗಳ ಕಡೆ ಟರ್ಕಿ, ಅರಬ್ ಅಂಗಡಿಗಳಿವೆ. ಕೊತ್ತಂಬರಿ ಸೊಪ್ಪು ಅಲ್ಲಿ ಕಟ್ಟುಗಟ್ಟಲೆ ಸಿಗುತ್ತದೆ, ಸೂಪರ್ ಮಾರ್ಕೆಟ್ಟಿನಲ್ಲಿ ನಾಲ್ಕು ಎಸಳಿಗೊಂದು ಪ್ಲಾಸ್ಟಿಕ್ ಡಬ್ಬಿ. ಟರ್ಕಿ ಅಂಗಡಿಯಲ್ಲಿ ಕೇಸರಿ ಬಣ್ಣದ ಬೇಳೆ ಕಂಡರೆ ಅದು ತೊಗರಿ ಅಲ್ಲ, ಮಸೂರ. ಬೇಗ ಬೇಯುತ್ತದೆ ನಿಜ, ಆದರೆ ಬಿಸಿಬೇಳೆಬಾತಿಗೆ ಆ ಮೈ ಬರುವುದಿಲ್ಲ. ತೊಗರಿಬೇಳೆ, ಹೆಸರುಬೇಳೆ, ಹುಣಸೆ, ಬೆಲ್ಲ, ಸೋನಾ ಮಸೂರಿ ಇವಕ್ಕೆ ಇಂಡಿಯನ್ ಅಂಗಡಿಗೇ ಹೋಗು. ಸೋನಾ ಮಸೂರಿ ಸಿಗದಿದ್ದರೆ 150 ಗ್ರಾಂ ಬಾಸ್ಮತಿಗೆ 50 ಗ್ರಾಂ ಅವರ ಪಾಯಸದ ದುಂಡಕ್ಕಿ, ‘ಮಿಲ್ಖ್‌ರೈಸ್’, ಬೆರೆಸು. ಬರೀ ಬಾಸ್ಮತಿ ಬಿಡಿಬಿಡಿಯಾಗಿ ನಿಲ್ಲುತ್ತದೆ, ಬರೀ ದುಂಡಕ್ಕಿ ಗೋಂದಾಗುತ್ತದೆ.

ತುಪ್ಪದ ಬದಲು ‘ಬುಟರ್‌ಷ್ಮಾಲ್ಟ್ಸ್’ ಅಂತ ಡಬ್ಬಿಯಲ್ಲಿ ಸಿಗುತ್ತದೆ. ಅದು ಕರಗಿಸಿ ಸೋಸಿದ ಬೆಣ್ಣೆಯೇ, ಆದರೆ ನಮ್ಮ ತುಪ್ಪದ ಘಮ ಇಲ್ಲ. ಉಪ್ಪಿಲ್ಲದ ಬೆಣ್ಣೆ 250 ಗ್ರಾಂ ತಂದು ಸಣ್ಣ ಉರಿಯಲ್ಲಿ ಕಾಯಿಸಿದರೆ 200 ಗ್ರಾಂ ತುಪ್ಪ, ಅರ್ಧ ಗಂಟೆಯ ಕೆಲಸ. ಹುಳಿ ಬರಿಸಿದ ಕೆನೆಯ ಬೆಣ್ಣೆ ಬೇರೆ ಸಿಗುತ್ತದೆ, ಅದರಿಂದ ಮಾಡಿದರೆ ಮನೆಯ ತುಪ್ಪಕ್ಕೆ ತೀರಾ ಹತ್ತಿರ.

ತರಕಾರಿ ವಿಷಯದಲ್ಲಿ ನಿನಗೆ ಅದೃಷ್ಟ. ನವಿಲುಕೋಸು ಜರ್ಮನರ ನಿತ್ಯದ ತರಕಾರಿ, ಇಂಗ್ಲಿಷಿನ ಕೊಹ್ಲ್‌ರಾಬಿ ಅನ್ನುವ ಹೆಸರೇ ಅವರದು. ಜೂನಿನಲ್ಲಿ ಎಳೆಯದು ರಾಶಿ ಬಿದ್ದಿರುತ್ತದೆ. ಅಂಗೈಗಿಂತ ದೊಡ್ಡದು ತರಬೇಡ, ಬುಡದಲ್ಲಿ ನಾರಿರುತ್ತದೆ. ನವಿಲುಕೋಸು 150 ಗ್ರಾಂ, ಬೀನ್ಸ್ 100, ಕ್ಯಾರೆಟ್ 100, ಬಟಾಣಿ 50.

ಈಗ ಬೇಳೆ. ನೀನು ಕೈಸೋಲುವುದು ಇಲ್ಲೇ. ಮ್ಯೂನಿಕ್ಕಿನ ನಲ್ಲಿ ನೀರು ಆಲ್ಪ್ಸ್ ತಪ್ಪಲಿನ ಮಾಂಗ್‌ಫಾಲ್ ಕಣಿವೆ ಕಡೆಯಿಂದ ಬರುತ್ತದೆ. ಕುಡಿಯಲು ಬಲು ಸೊಗಸು, ಆದರೆ ಸುಣ್ಣದ ಅಂಶ ಜಾಸ್ತಿ, ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ ಬೇಳೆಯ ಕಣಗಳನ್ನು ಹಿಡಿದಿಡುವ ಪೆಕ್ಟಿನ್ ಅನ್ನುವ ಅಂಟಿನ ಜೊತೆ ಸೇರಿಕೊಳ್ಳುತ್ತದೆ, ಎಷ್ಟು ಕುದಿಸಿದರೂ ಬೇಳೆ ಕಾಳಾಗಿಯೇ ಉಳಿಯುತ್ತದೆ. ಬೇಳೆ ಹಳತು ಅಂತ ಅಂಗಡಿಯವನನ್ನು ಬೈಯಬೇಡ. 150 ಗ್ರಾಂ ತೊಗರಿಬೇಳೆಯನ್ನು ಬಿಸಿ ನೀರಲ್ಲಿ ಎರಡು ಗಂಟೆ ನೆನೆಸಿ, ಆ ನೀರು ಚೆಲ್ಲಿ, 900 ಮಿಲಿ ಹೊಸ ನೀರು, ಒಂದು ಚಿಟಿಕೆ ಅಡುಗೆ ಸೋಡಾ (ಅಲ್ಲಿ ‘ನಾಟ್ರೋನ್’ ಅನ್ನುತ್ತಾರೆ), ಅರಿಶಿನ, ಒಂದು ಚಮಚ ಎಣ್ಣೆ ಹಾಕಿ ಬೇಯಲು ಇಡು. ಚಿಟಿಕೆ ಅಂದರೆ ಎರಡು ಬೆರಳಿಗೆ ಸಿಕ್ಕಷ್ಟೇ, ಹೆಚ್ಚಾದರೆ ಸಾಬೂನಿನ ರುಚಿ. ಉಪ್ಪು, ಹುಣಸೆ ಈಗ ಬೇಡ. ಹುಳಿ ಬಿದ್ದರೆ ಬೇಳೆ ಬೇಯುವುದು ಅಲ್ಲಿಗೇ ನಿಂತಿತು. ಮುಚ್ಚಳ ಓರೆ ಮಾಡಿ ಇಟ್ಟರೆ 45 ನಿಮಿಷಕ್ಕೆ ಬೆರಳಲ್ಲಿ ಹಿಚುಕಿದರೆ ಹಿಟ್ಟಾಗಬೇಕು.

ಕುಕ್ಕರ್ ಹೊತ್ತುಕೊಂಡು ಹೋಗಬೇಡ. ಅಲ್ಯೂಮಿನಿಯಂ ತಳ ಇಂಡಕ್ಷನ್ ಮೇಲೆ ಕಾಯುವುದೇ ಇಲ್ಲ. ತಳಕ್ಕೆ ಅಯಸ್ಕಾಂತ ಹಿಡಿಯದ ಪಾತ್ರೆ ಯಾವುದೂ ಆ ಒಲೆಗೆ ಆಗುವುದಿಲ್ಲ. ಅವರ ಮನೆಯಲ್ಲಿ ಪ್ರೆಶರ್ ಕುಕ್ಕರ್ ಇದ್ದರೆ ಬಳಸು, ಆದರೆ ಅದು ಕೂಗುವುದಿಲ್ಲ. ಮೂರು ಕೂಗಿಗೆ ಕಾಯುತ್ತಾ ಹಾಲ್‌ನಲ್ಲಿ ಮಾತಾಡುತ್ತಾ ಕೂತರೆ ಬೇಳೆ ತಳ ಹತ್ತಿರುತ್ತದೆ. ಮುಚ್ಚಳದ ಮೇಲೆ ಒಂದು ಕಡ್ಡಿ ಏಳುತ್ತದೆ, ಅದರಲ್ಲಿ ಗೆರೆಗಳಿರುತ್ತವೆ. ಎರಡನೇ ಗೆರೆ ಕಂಡ ಕೂಡಲೇ ಉರಿ ತಗ್ಗಿಸಿ ಗಡಿಯಾರ ನೋಡಿ ಹತ್ತು ನಿಮಿಷ.

ಬೇಳೆ ಬೆಂದ ಮೇಲೆ ತೊಳೆದ ಅಕ್ಕಿ 200 ಗ್ರಾಂ, ಕುದಿಯುವ ನೀರು 600 ಮಿಲಿ, ಬಟಾಣಿ ಬಿಟ್ಟು ಉಳಿದ ತರಕಾರಿ ಹಾಕು. 20 ನಿಮಿಷದಲ್ಲಿ ಅಕ್ಕಿ ಅರಳಿ ಒಡೆಯಬೇಕು, ಮಧ್ಯೆ ತಳ ಕೆರೆದು ಮಗುಚುತ್ತಿರು. 30 ಗ್ರಾಂ ಹುಣಸೆಯನ್ನು ಮೊದಲೇ 250 ಮಿಲಿ ಬಿಸಿ ನೀರಲ್ಲಿ ಕಿವುಚಿ ಸೋಸಿಟ್ಟುಕೊಂಡಿರಬೇಕು. ಆ ರಸ, ಉಪ್ಪು 2 ಚಮಚ, ಬೆಲ್ಲ ಒಂದು ಚಮಚ, ಬಟಾಣಿ ಹಾಕಿ, ನಾಲ್ಕು ಚಮಚ ಪುಡಿಯನ್ನು ತಣ್ಣೀರಲ್ಲಿ ಕಲಸಿ ಸೇರಿಸು. ನೇರ ಉದುರಿಸಿದರೆ ಗಂಟಾಗಿ ಯಾರದೋ ಬಾಯಿಗೆ ಬರೀ ಪುಡಿ ಸಿಗುತ್ತದೆ. ಇನ್ನೂ ಹತ್ತು ನಿಮಿಷ ಸಣ್ಣಗೆ ಕುದಿಯಲಿ, ಹುಣಸೆಯ ಹಸಿ ವಾಸನೆ ಹೋಗಬೇಕು. ಎಲ್ಲ ಸೇರಿ ಎರಡೂವರೆ ಕಿಲೋ ಹತ್ತಿರ ಬರುತ್ತದೆ. ಪಾತ್ರೆ ಎಷ್ಟು ಲೀಟರಿನದು ಅಂತ ಕೇಳು ಅಂದಿದ್ದು ಅದಕ್ಕೇ, ನಾಲ್ಕು ಲೀಟರಿನದು ಬೇಕು. ಮೂರು ಲೀಟರಿನದೇ ದೊಡ್ಡದು ಅಂದರೆ ಅಕ್ಕಿ, ಬೇಳೆ ಎಲ್ಲವನ್ನೂ ಮೂರನೇ ಒಂದು ಭಾಗ ಕಡಿಮೆ ಮಾಡು.

ಒಲೆಯಿಂದ ಇಳಿಸುವಾಗ ಬಾತ್ ಸೌಟಿನಿಂದ ಜಾರಿ ಬೀಳಬೇಕು, ತಟ್ಟೆಯಲ್ಲಿ ತಾನಾಗಿ ಹರಡಬೇಕು. ‘ಇಷ್ಟು ತೆಳ್ಳಗೇ’ ಅನ್ನಿಸಿದರೆ ಸರಿಯಾಗಿದೆ ಅಂತ ಅರ್ಥ. ಹತ್ತು ನಿಮಿಷದಲ್ಲಿ ಅಕ್ಕಿ ಆ ನೀರೆಲ್ಲ ಕುಡಿದುಬಿಡುತ್ತದೆ. ಪಕ್ಕದಲ್ಲಿ 400 ಮಿಲಿ ಬಿಸಿ ನೀರು ಇಟ್ಟುಕೊಂಡೇ ಬಡಿಸು.

ಒಗ್ಗರಣೆಗೆ ಬರುತ್ತೇನೆ. ಗಾಜಿನ ಒಲೆ ನಿಧಾನಕ್ಕೆ ಕಾಯುತ್ತದೆ, ಇನ್ನೂ ನಿಧಾನಕ್ಕೆ ಆರುತ್ತದೆ. ಗ್ಯಾಸಿನ ಹಾಗೆ ತಿರುಗಿಸಿದ ಕೂಡಲೇ ಉರಿ ಇಳಿಯಿತು ಅಂದುಕೊಂಡರೆ ಸಾಸಿವೆ ಇದ್ದಿಲಾಗುತ್ತದೆ. ಸಾಸಿವೆ ಸಿಡಿಯುತ್ತಿದ್ದಂತೆ ಬಾಣಲೆಯನ್ನೇ ಎತ್ತಿ ಪಕ್ಕಕ್ಕಿಡು. ಎಳೆಯಬೇಡ, ಗಾಜು ಗೀರುತ್ತದೆ. ತುಪ್ಪ 3 ಚಮಚ, ಸಾಸಿವೆ, ಗೋಡಂಬಿ ಹೊಂಬಣ್ಣಕ್ಕೆ, ಆಮೇಲೆ ಇಂಗು, ಒಣ ಕರಿಬೇವು ಕೊನೆಗೆ. ಹಸಿ ಕರಿಬೇವು ಚಟಪಟ ಅನ್ನುತ್ತದೆ, ಒಣಗಿದ್ದು ಎರಡೇ ಸೆಕೆಂಡಿನಲ್ಲಿ ಕಪ್ಪಾಗುತ್ತದೆ, ಹಾಕಿದ ಕೂಡಲೇ ಬಾತಿಗೆ ಸುರಿ. ಒಣಮೆಣಸಿನಕಾಯಿ ಒಗ್ಗರಣೆಗೆ ಬೇಡವೇ ಬೇಡ. ಬವೇರಿಯಾದ ಮನೆಗಳಲ್ಲಿ ಮಲಗುವ ಕೋಣೆ, ಕಾರಿಡಾರಿನಲ್ಲಿ ಹೊಗೆ ಅಲಾರಂ ಕಡ್ಡಾಯ. ಮೆಣಸಿನಕಾಯಿ ಘಾಟು ಎದ್ದರೆ ಎಲ್ಲರಿಗೂ ಕೆಮ್ಮು, ಜೊತೆಗೆ ಅದರ ಕೂಗಾಟ. ಒಲೆ ಮೇಲಿನ ಚಿಮಣಿಯನ್ನೂ ನಂಬಬೇಡ, ಎಷ್ಟೋ ಮನೆಗಳಲ್ಲಿ ಅದು ಗಾಳಿಯನ್ನು ಸೋಸಿ ಮತ್ತೆ ಒಳಗೇ ಬಿಡುತ್ತದೆ. ಕಿಟಕಿ ತೆಗೆದು, ಕಾರಿಡಾರಿನ ಬಾಗಿಲು ಮುಚ್ಚಿ ಒಗ್ಗರಣೆ ಹಾಕು. ಹಪ್ಪಳ ಕರಿಯುವ ಆಸೆ ಬಿಡು, ಖಾರಾ ಬೂಂದಿ ಸಾಕು. ಅದು ಮುಗಿದರೆ ಅಂಗಡಿಯ ಉಪ್ಪಿನ ಆಲೂಗಡ್ಡೆ ಚಿಪ್ಸ್. ಬೆಂಗಳೂರಿನ ದರ್ಶಿನಿಗಳಲ್ಲೂ ಅದೇ ತಾನೆ.

ಕೋಸಂಬರಿಗೆ ಹೆಸರುಬೇಳೆ 100 ಗ್ರಾಂ ಒಂದೂವರೆ ಗಂಟೆ ನೆನೆದರೆ ಸಾಕು. ಅವರ ಉದ್ದ ಸೌತೆಕಾಯಿ ಬರೀ ನೀರು, ನಡುವಿನ ತಿರುಳು ಕೆರೆದು ತೆಗೆ. ಮ್ಯೂನಿಕ್‌ನವರಿಗೆ ಬಿಳಿ ಮೂಲಂಗಿ ಅಂದರೆ ಪ್ರಾಣ, ಬಿಯರ್ ಜೊತೆ ಸುರುಳಿ ಸುರುಳಿಯಾಗಿ ಕೊಯ್ದು ತಿನ್ನುತ್ತಾರೆ. ಅದನ್ನೂ ತುರಿದು ಹಾಕು. ತೆಂಗಿನಕಾಯಿ ಬದಲು ಒಣ ತುರಿ 3 ಚಮಚ, ಬಿಸಿ ನೀರಲ್ಲಿ ಕಾಲು ಗಂಟೆ ನೆನೆಸಿ ಹಿಂಡಿದ್ದು. ಉಪ್ಪು, ನಿಂಬೆರಸ ಮೇಜಿನ ಮೇಲಿಡುವ ಗಳಿಗೆಯಲ್ಲಿ.

ರಸಾಯನಕ್ಕೆ ಬಾಳೆಹಣ್ಣು 4, ಡಬ್ಬಿಯ ತೆಂಗಿನ ಹಾಲು 400 ಮಿಲಿ, ಪುಡಿ ಬೆಲ್ಲ 60 ಗ್ರಾಂ, ಏಲಕ್ಕಿ. ಬೆಲ್ಲವನ್ನು ಬಿಸಿ ನೀರಿನ ಬಟ್ಟಲಲ್ಲೇ ಕರಗಿಸು, ಒಲೆ ಮೇಲೆ ಪಾಕ ಮಾಡಬೇಡ. ಉಕ್ಕಿ ಗಾಜಿನ ಮೇಲೆ ಬಿದ್ದ ಪಾಕ ಆರಿದರೆ ಕಚ್ಚಿಕೊಳ್ಳುತ್ತದೆ, ಕೀಳುವಾಗ ಗಾಜಿನ ಚಕ್ಕೆಯನ್ನೇ ಕಿತ್ತುಕೊಂಡು ಬರುತ್ತದೆ. ಬಾಳೆಹಣ್ಣು ಮಾತ್ರ ಊಟದ ನಡುವೆ ಎದ್ದು ಹೋಗಿ ಹೆಚ್ಚು, ಮೊದಲೇ ಹೆಚ್ಚಿದರೆ ಕಪ್ಪು.

ಮಜ್ಜಿಗೆಗೆ ಅವರ ‘ಬುಟರ್‌ಮಿಲ್ಖ್’ ಅರ್ಧ ಲೀಟರಿಗೆ 300 ಮಿಲಿ ನೀರು, ಶುಂಠಿ, ಉಪ್ಪು.

ಏಳಕ್ಕೆ ಊಟ ಅಂದರೆ ಏಳಕ್ಕೇ. ನಾಲ್ಕೂವರೆಗೆ ಬೇಳೆ ನೆನೆಯುವುದು ಮುಗಿದಿರಲಿ, ಐದಕ್ಕೆ ಒಲೆ ಮೇಲೆ. ತರಕಾರಿ ಹೆಚ್ಚುವುದು, ಹುಣಸೆ ಕಿವುಚುವುದು ಅಳಿಯಂದಿರ ಪಾಲಿಗೆ. ಬಡಿಸುವ ಮೊದಲು ಮೇಲೆ ಕಾಣುವ ಕರಿಬೇವನ್ನು ತೋರಿಸಿ, ‘ಇದನ್ನು ಪಕ್ಕಕ್ಕಿಡಬಹುದು’ ಅಂತ ಹೇಳು, ಇಲ್ಲದಿದ್ದರೆ ಮರ್ಯಾದೆಗೆ ಅಗಿಯುತ್ತಾ ಕೂರುತ್ತಾರೆ.

ಅರಿಶಿನದ ಕೈಯಲ್ಲಿ ಅವರ ಬಿಳಿ ಕಟ್ಟೆ, ಮರದ ಸೌಟು ಮುಟ್ಟಬೇಡ. ಬಟ್ಟೆಗೆ ಬಿದ್ದ ಅರಿಶಿನ ಸಾಬೂನು ಹಚ್ಚಿದಾಗ ಕೆಂಪಾಗುತ್ತದೆ, ಗಾಬರಿ ಬೇಡ. ಒಗೆದು ಬಿಸಿಲಿಗೆ ಹಾಕಿದರೆ ಕಲೆ ಎರಡು ದಿನದಲ್ಲಿ ಮಾಯ. ತರಕಾರಿ ಸಿಪ್ಪೆ ಕಂದು ಬಣ್ಣದ ಡಬ್ಬಿಗೆ. ಬಾತ್ ಉಳಿದರೆ ಫ್ರಿಜ್ಜಿನಲ್ಲಿಡಲು ಹೇಳು. ಬೆಳಿಗ್ಗೆ ಅದು ಇಟ್ಟಿಗೆಯಂತಾಗಿರುತ್ತದೆ, ಒಂದು ಬಟ್ಟಲಿಗೆ ಕಾಲು ಬಟ್ಟಲು ಬಿಸಿ ನೀರು ಸೇರಿಸಿ, ಕಿವುಚಿ, ಆಮೇಲೆ ಬಿಸಿ ಮಾಡಿಕೊಳ್ಳಬೇಕು ಅಂತ ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿಬಿಡು.

ಇಂತಿ,
ಅಮ್ಮ