ಡ್ರಿಪ್‌ನಲ್ಲೇ ಊಟ: ಲಿವರ್ ಕಡೆಗೂ ಗಮನವಿರಲಿ

ಮಾನ್ಯರೇ,

ಮನೆಯಲ್ಲೇ ರಕ್ತನಾಳದ ಮೂಲಕ ಆಹಾರ ಪಡೆಯುವವರಿಗೆ ಕೊಡುವ ಕೊಬ್ಬಿನ ದ್ರಾವಣದ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ಕರುಳಿನ ಬಹುಭಾಗ ತೆಗೆದುಹಾಕಿದವರಲ್ಲಿ ಹಲವರಿಗೆ ಈ ದ್ರಾವಣ ತುಂಬಿದ ಬಿಳಿ ಚೀಲವೇ ಊಟ. ಕೊಬ್ಬನ್ನು ಸುಮ್ನೆ ನಿಲ್ಲಿಸುವಂತೆಯೂ ಇಲ್ಲ, ದೇಹಕ್ಕೆ ಅದು ಬೇಕೇ ಬೇಕು.

ಆದರೆ 1960ರ ದಶಕದಿಂದ ಬಳಕೆಯಲ್ಲಿರುವ ಸೋಯಾ ಎಣ್ಣೆಯ ದ್ರಾವಣ ವರ್ಷಗಟ್ಟಲೆ ಜಾಸ್ತಿ ಹೋದರೆ ಲಿವರ್ ಸೊರಗಬಹುದು. ಅದರಲ್ಲಿರುವ ಫೈಟೋಸ್ಟೆರಾಲ್‌ಗಳು (ಸಸ್ಯಗಳಲ್ಲಿರುವ, ಕೊಲೆಸ್ಟೆರಾಲ್‌ನಂಥ ವಸ್ತುಗಳು) ಪಿತ್ತರಸದ ಹರಿವಿಗೆ ಅಡ್ಡಿಯಾಗುತ್ತವೆ ಎಂದು ತಜ್ಞರು ಹೇಳುತ್ತಾರೆ. ದೀರ್ಘಕಾಲ ಹೀಗೆ ಆಹಾರ ಪಡೆಯುವ ವಯಸ್ಕರಿಗೆ ಸೋಯಾ ಕೊಬ್ಬು ದಿನಕ್ಕೆ, ದೇಹದ ಪ್ರತಿ ಕಿಲೋ ತೂಕಕ್ಕೆ 1 ಗ್ರಾಂ ದಾಟಬಾರದು ಎಂಬುದು ರೋಗಿಗಳ ಪೋಷಣೆಯ ಕುರಿತ ಯುರೋಪಿನ ತಜ್ಞರ ಸಂಸ್ಥೆ ಎಸ್ಪೆನ್‌ನ ಸಲಹೆ. ಆಲಿವ್ ಎಣ್ಣೆ, ಮೀನೆಣ್ಣೆ ಬೆರೆಸಿದ ದ್ರಾವಣಗಳೂ ಇವೆ. ಡ್ರಿಪ್‌ನಲ್ಲಿ ಹೋಗುವ ಅತಿಯಾದ ಗ್ಲೂಕೋಸ್ ಕೂಡ ಲಿವರ್‌ನಲ್ಲಿ ಕೊಬ್ಬು ತುಂಬಿಸುತ್ತದೆ, ಅದನ್ನೂ ಮರೆಯಬಾರದು.

ಇದೆಲ್ಲ ಮನೆಯವರಿಗೆ ತಿಳಿಯುವುದು ಹೇಗೆ? ಚೀಲ ಜೋಡಿಸಿ ರಾತ್ರಿಯೆಲ್ಲ ಕಾಯುವವರು ಅವರೇ ಅಲ್ವಾ! ಆದ್ದರಿಂದ ಡಿಸ್ಚಾರ್ಜ್ ಚೀಟಿಯಲ್ಲೇ ಎಣ್ಣೆ ಯಾವುದು, ತೂಕಕ್ಕೆ ತಕ್ಕಂತೆ ಎಷ್ಟು, ಲಿವರ್ ಪರೀಕ್ಷೆ ಯಾವಾಗ ಎಂಬುದನ್ನು ಆಸ್ಪತ್ರೆಗಳು ಕನ್ನಡದಲ್ಲಿ ಬರೆದುಕೊಡಲಿ.

– ಒಬ್ಬ ಓದುಗ, ದಾವಣಗೆರೆ